ಎರವಲು ಹೆಸರಿನ ವ್ಯಾಪಾರ

ಹಳೇಬೀಡಿನ ಗುಡಿಗಳನ್ನು ನೋಡಲು ಹೋದವರಲ್ಲಿ ಬಹುಮಂದಿ ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿರುವ ಹುಲಿಕೆರೆಯನ್ನು ನೋಡದೆಯೇ ಹಿಂದಿರುಗುತ್ತಾರೆ. ನೀವು ಹೋಗಿ ನೋಡಿದರೆ ಊರಿನಲ್ಲಿ ನೆಲಮಟ್ಟದಿಂದ ಕೆಳಕ್ಕೆ ಹಂತಹಂತವಾಗಿ ಇಳಿಯುವ ಹೊಯ್ಸಳರ ಕಾಲದ ಕಲ್ಲಿನ ಕೊಳವೊಂದು ಕಾಣುತ್ತದೆ. ಮೆಟ್ಟಿಲುಗಳ ಮಗ್ಗುಲಲ್ಲಿ ಸಾಲಾಗಿ ಪುಟ್ಟ ಪುಟ್ಟ ಗುಡಿಗಳು, ಅವುಗಳಿಗೆ ಪುಟ್ಟ ಪುಟ್ಟ ಶಿಖರಗಳು. ಒಂದು ಹಳ್ಳಿಯ ನೀರಿನ ಕೊಳಕ್ಕೆ ಇಷ್ಟೊಂದು ಕೆತ್ತನೆಯ ಸಿರಿ ಎಲ್ಲಿಂದ ಬಂತು ಎಂದು ನೋಡಿದವರಿಗೆ ಅನ್ನಿಸದಿರದು.

ಹುಲಿಕೆರೆ ಅಂದು ದೋರಸಮುದ್ರವೆಂಬ ರಾಜಧಾನಿಯ ನೆರಳಿನಲ್ಲಿದ್ದ ಊರು. ಆ ರಾಜಧಾನಿಯ ಸಿರಿಯನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಅರಸರನ್ನೂ ದಂಡನಾಯಕರನ್ನೂ ನೆನೆದು ಸುಮ್ಮನಾಗುತ್ತೇವೆ. ಆದರೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೇ ನಮ್ಮನ್ನು ತಿದ್ದುತ್ತದೆ. ವಿಷ್ಣುವರ್ಧನನ ಅಧಿಕಾರಿಯಾಗಿದ್ದ ಕೇತಮಲ್ಲನು 1121ರ ಸುಮಾರಿಗೆ ಅದರ ಕೆಲಸಕ್ಕೆ ಕೈಹಾಕಿದಾಗ ಅವನಿಗೆ ಬೆಂಬಲವಾಗಿ ನಿಂತವರು ದೋರಸಮುದ್ರದ ಸಿರಿವಂತ ವರ್ತಕರು. ಹೊಯ್ಸಳರ ಶಾಸನಗಳಲ್ಲಿ ‘ವಡ್ಡವ್ಯವಹಾರಿ’ ಎಂದರೆ ದೊಡ್ಡ ವ್ಯಾಪಾರಿ. ‘ಪಟ್ಟಣಸ್ವಾಮಿ’ ಎಂದರೆ ಪೇಟೆಯ ಹಿರಿಯ. ಇಂಥವರ ಹೆಸರುಗಳು ಮಂತ್ರಿಗಳ ಹೆಸರಿನ ಜೊತೆಯಲ್ಲಿಯೇ ಬರುತ್ತವೆ. ಇವರು ಹೊಲದ ಬೆಳೆಯನ್ನು ಸಂತೆಗೆ ಹೊತ್ತು ಮಾರಿದ ಮಾತ್ರಕ್ಕೆ ಇಷ್ಟು ದೊಡ್ಡವರಾದವರಲ್ಲ. ಇವರ ಸರಕು ಕಡಲು ದಾಟುತ್ತಿತ್ತು. ಅರಸೀಕೆರೆಯ ಶಾಸನಗಳು ಆನೆ ಕುದುರೆ ಮುತ್ತುಗಳನ್ನು ಹಡಗುಗಳಲ್ಲಿ ತಂದು ಅರಸರಿಗೆ ಮಾರುತ್ತಿದ್ದ ಮಲೆಯಾಳದ ವರ್ತಕ ಮನೆತನವನ್ನು ಹೊಗಳುತ್ತವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನೀವೇ ಒಬ್ಬ ವರ್ತಕರೆಂದು ಇಟ್ಟುಕೊಳ್ಳಿ. ಊರಿನಿಂದ ನೂರಾರು ಹರದಾರಿ ದೂರ, ನಿಮ್ಮ ಭಾಷೆ ತಿಳಿಯದ ಪೇಟೆ. ನಿಮ್ಮ ತಂದೆ ಯಾರು, ತಾತ ಯಾರು ಎಂದು ಅಲ್ಲಿ ಬಲ್ಲವರಿಲ್ಲ. ನಿಮ್ಮ ಮೆಣಸನ್ನು ತೂಕಕ್ಕೆ ಮೊದಲು ನಂಬುವವರಾರು? ನಿಮಗೆ ಕಡ ಕೊಡುವವರಾರು? ದಾರಿಯಲ್ಲಿ ಕಳ್ಳರು ಅಡ್ಡಗಟ್ಟಿದರೆ ಕಾಯುವವರಾರು? ತನ್ನ ಹೆಸರು ಯಾರಿಗೂ ತಿಳಿಯದ ಕಡೆ ವ್ಯಾಪಾರ ಮಾಡುವವನಿಗೆ, ಎಲ್ಲರಿಗೂ ತಿಳಿದ ಇನ್ನೊಂದು ಹೆಸರು ಬೇಕು.

ಇಂದು ಪೇಟೆಯಲ್ಲಿ ‘ಫ್ರಾಂಚೈಸಿ’ ಎಂಬ ಮಾತನ್ನು ಕೇಳುತ್ತಿದ್ದೀರಿ. ದಿನಪತ್ರಿಕೆ ತೆರೆದರೆ ಅದರ ಜಾಹೀರಾತು. ನಿವೃತ್ತಿಯ ಹಣ ಕೈಗೆ ಬಂದವರಿಗೂ ಓದು ಮುಗಿಸಿದ ಹುಡುಗರಿಗೂ ಅದರ ಆಸೆ. ಅದರ ತಿರುಳು ಇಷ್ಟೇ: ಅಂಗಡಿ ನಿಮ್ಮದು, ಬಂಡವಾಳ ನಿಮ್ಮದು, ಬೆಳಗಿನಿಂದ ರಾತ್ರಿಯವರೆಗಿನ ದುಡಿಮೆ ನಿಮ್ಮದು, ಮೇಲಿನ ಫಲಕದಲ್ಲಿರುವ ಹೆಸರು ಮಾತ್ರ ಇನ್ನೊಬ್ಬರದು. ಆ ಹೆಸರನ್ನು ಬಳಸುವ ಹಕ್ಕಿಗಾಗಿ ನೀವು ಹಣ ತೆರುತ್ತೀರಿ, ಅದರ ಒಡೆಯರು ಹಾಕಿದ ಕಟ್ಟಳೆಗೆ ಒಳಪಡುತ್ತೀರಿ. ಇದು ಅಮೆರಿಕದಿಂದ ಬಂದ ಹೊಸ ಪದ್ಧತಿ ಎಂದು ಹೇಳುವುದು ವಾಡಿಕೆ. ಮಾತು ಹೊಸದು, ಒಪ್ಪಿಕೊಳ್ಳೋಣ. ವಿಚಾರದ ಬೇರನ್ನು ಹುಡುಕಬೇಕಾದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಹುಲಿಕೆರೆಯಿಂದ ಅರಸೀಕೆರೆಯ ರೈಲು ಜಂಕ್ಷನ್ನಿನವರೆಗೆ ಹೋದರೆ ಸಾಕು.

ಶಾಸನಗಳಲ್ಲಿ ಅರಸಿಯಕೆರೆ ಎನಿಸಿಕೊಂಡ ಈ ಊರಿಗೆ ಇನ್ನೊಂದು ಬಿರುದಿತ್ತು: ದಕ್ಷಿಣದ ಅಯ್ಯಾವೊಳೆ. ಮೂಲ ಅಯ್ಯಾವೊಳೆ ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ಚಾಲುಕ್ಯರ ಗುಡಿಗಳಿಂದ ಹೆಸರಾದ ಆ ಊರಿನಲ್ಲಿ ಐನೂರ್ವರ ಒಂದು ಸಂಘವಿತ್ತು. ಮೊದಲಲ್ಲಿ ಊರಿನ ಮಹಾಜನರ ಲೆಕ್ಕವಾಗಿದ್ದ ಐನೂರು ಎಂಬುದು ಕ್ರಮೇಣ ವರ್ತಕರ ಹೆಸರಾಯಿತು. ‘ಅಯ್ಯಾವೊಳೆಯ ಐನೂರ್ವರ್ ಸ್ವಾಮಿಗಳು’ ಎಂಬ ಹೆಸರಿನಲ್ಲಿ ವ್ಯಾಪಾರ ಮಾಡಿದವರ ಶಾಸನಗಳು 9ನೆಯ ಶತಮಾನದಿಂದ 14ನೆಯ ಶತಮಾನದವರೆಗೆ ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ಸಿಕ್ಕಿವೆ, ಶ್ರೀಲಂಕೆಯಲ್ಲಿಯೂ ಸಿಕ್ಕಿವೆ. ಇಷ್ಟು ಜನ ಐನೂರು ಮಂದಿಯಾಗಿರುವುದು ಸಾಧ್ಯವೇ ಇಲ್ಲ. ಎಷ್ಟೇ ಸಾವಿರವಾದರೂ ಹೆಸರು ಐನೂರ್ವರೇ. ನಮ್ಮ ಕಾಲದಲ್ಲಿ ‘ಅಂಡ್ ಬ್ರದರ್ಸ್’ ಎಂದು ಫಲಕ ಹಾಕಿದ ಅಂಗಡಿಯಲ್ಲಿ ಅಣ್ಣತಮ್ಮಂದಿರನ್ನು ನಾವು ಎಣಿಸಲು ಹೋಗುತ್ತೇವೆಯೆ?

ಇವರ ಶಾಸನಗಳ ಒಂದು ವಿಶೇಷವನ್ನು ಗಮನಿಸಬೇಕು. ದಾನ ಕೊಟ್ಟದ್ದು ಎಲ್ಲಿಯೇ ಆಗಲಿ, ಮೊದಲು ಒಂದು ಉದ್ದನೆಯ ಹೊಗಳಿಕೆ ಬರುತ್ತದೆ. ಲೋಕದಲ್ಲೆಲ್ಲ ಹೆಸರಾದವರು, ಐನೂರು ವೀರಶಾಸನಗಳನ್ನು ಪಡೆದವರು, ವೀರಬಣಂಜು ಧರ್ಮವನ್ನು ಕಾಯುವವರು, ಗುಡ್ಡದ ಗುರುತಿನ ಧ್ವಜವುಳ್ಳವರು, ಅಯ್ಯಾವೊಳೆಯ ದೇವಿಯ ಮಕ್ಕಳು ಎಂಬುದು ಆ ಹೊಗಳಿಕೆಯ ಸಾರ. ಬಳ್ಳಿಗಾವೆಯ ಕಡೆಯ 1054ರ ಶಿಕಾರಿಪುರ ತಾಲ್ಲೂಕಿನ ಶಾಸನವಂತೂ ಅವರ ಸರಕಿನ ಪಟ್ಟಿಯನ್ನೇ ಕೊಡುತ್ತದೆ: ಆನೆ, ಜಾತಿಯ ಕುದುರೆ, ನೀಲ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ. ಒಟ್ಟಿಗೆ ಸಗಟು ಮಾರುವವರೂ ಇದ್ದರು, ಹೆಗಲಮೇಲೆ ಹೊತ್ತು ತಿರುಗುವವರೂ ಇದ್ದರು. ಕತ್ತೆ ಕೋಣಗಳ ಮೇಲೆ ಹೇರಿಕೊಂಡು ಹೋಗುವವರೂ ಇದ್ದರು. ಹೆಗಲ ಮೂಟೆಯ ಬಡ ಬಣಂಜಿಗನಿಗೂ ಹಡಗಿನ ಒಡೆಯನಿಗೂ ಹೆಸರು ಒಂದೇ, ಧ್ವಜ ಒಂದೇ. ಹೊಗಳಿಕೆಯ ಮಾತು ತಮಿಳುನಾಡಿಗೆ ಹೋದರೆ ತಮಿಳಿನಲ್ಲಿ ಬರುತ್ತದೆ, ಕೆಲವು ಮಾತು ಹೆಚ್ಚುಕಡಿಮೆಯಾಗುತ್ತದೆ. ಆದರೆ ಕೇಳಿದ ಕೂಡಲೆ ಇವರು ಅವರೇ ಎಂದು ಗುರುತು ಸಿಕ್ಕುತ್ತದೆ. ಇಂದಿನ ದೊಡ್ಡ ಕಂಪನಿಗಳು ತಮ್ಮ ಎಲ್ಲ ಅಂಗಡಿಗಳ ಬಣ್ಣವನ್ನೂ ಅಕ್ಷರವನ್ನೂ ಒಂದೇ ಸಮನಾಗಿ ಇಡುವುದಕ್ಕೆ ಪಡುವ ಪಾಡನ್ನು ಬಲ್ಲವರು, ಕಲ್ಲಿನ ಮೇಲೆ ಉಳಿ ಸುತ್ತಿಗೆಗಳಿಂದ ಅದೇ ಕೆಲಸ ಮಾಡಿದವರನ್ನು ಮೆಚ್ಚದೆ ಇರಲಾರರು.

ಸುಮಾತ್ರ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಬಾರುಸ್ ಎಂಬ ಊರಿನ ಬಳಿ ಲೋಬು ತುವಾ ಎಂಬ ತಾಣವಿದೆ. ಕರ್ಪೂರಕ್ಕೆ ಹೆಸರಾದ ಸೀಮೆ ಅದು. ಅಲ್ಲಿ ಸಿಕ್ಕ ತಮಿಳು ಶಾಸನವೊಂದರ ಕಾಲ ಶಕವರ್ಷ 1010, ಎಂದರೆ ಕ್ರಿ.ಶ. 1088. ಅದನ್ನು ಹಾಕಿಸಿದವರು ‘ದಿಕ್ಕುಗಳಲ್ಲಿ ಸಂಚರಿಸುವ ಐನೂರ್ವರು’. ಅಲ್ಲಿಗೆ ಬರುವ ಹಡಗಿನವರು ಕಸ್ತೂರಿಯ ಬೆಲೆಯ ಲೆಕ್ಕದಲ್ಲಿ ಇಷ್ಟು ಚಿನ್ನವನ್ನು ಕೊಟ್ಟೇ ಮುಂದಿನ ಕೆಲಸ ಮಾಡಬೇಕೆಂದು ಅವರು ಗೊತ್ತುಮಾಡಿದ್ದಾರೆ. ಮಲಪ್ರಭೆಯ ದಂಡೆಯ ಒಂದು ಊರಿನ ಹೆಸರಿನಿಂದ ಬೆಳೆದ ಐನೂರ್ವರು ಹಿಂದೂಮಹಾಸಾಗರದ ಆಚೆ, ಬೇರೆ ಭಾಷೆಯಲ್ಲಿ, ಕಾಣಿಕೆ ವಸೂಲು ಮಾಡುತ್ತಿದ್ದಾರೆ. ಹೆಸರಿಗೆ ಬೆಲೆ ಕಟ್ಟಿದ ಇಷ್ಟು ಹಳೆಯ ಸಾಕ್ಷಿ ಬೇರೆ ಕಡೆ ಸುಲಭವಾಗಿ ಸಿಕ್ಕದು.

ಹಾಗಾದರೆ ಐನೂರ್ವರಲ್ಲಿ ಒಬ್ಬನಾದ ಅರಸಿಯಕೆರೆಯ ಸೆಟ್ಟಿಗೆ ಸಿಕ್ಕಿದ್ದೇನು? ಮೊದಲನೆಯದು ನಂಬಿಕೆ. ಎರಡನೆಯದು ಕಾವಲು: ‘ಮುಮ್ಮುರಿದಂಡ’ ಎಂಬ ಆಯುಧ ಹಿಡಿದ ತಂಡಗಳು ಇವರ ಜೊತೆಯಲ್ಲಿದ್ದವು, ವರ್ತಕರು ತಂಗುವುದಕ್ಕೆ ಕಾವಲುಳ್ಳ ವೀರಪಟ್ಟಣಗಳಿದ್ದವು. ಮೂರನೆಯದು ಅರಸರ ಮುಂದೆ ಮಾತಿನ ಬಲ. ಒಬ್ಬಂಟಿ ವ್ಯಾಪಾರಿಯನ್ನು ಸುಂಕದ ಅಧಿಕಾರಿ ಗದರಿಸಬಹುದು, ಇಡೀ ಪೇಟೆಯನ್ನು ಗದರಿಸುವುದು ಕಷ್ಟ. 1220ರಲ್ಲಿ ಇಮ್ಮಡಿ ವೀರಬಲ್ಲಾಳನ ಮಂತ್ರಿ ರೇಚರಸನು ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದಾಗ ಊರಿನ ವರ್ತಕ ಸಮೂಹವೂ ಆ ಧರ್ಮಕಾರ್ಯದಲ್ಲಿ ಪಾಲುಗೊಂಡಿತು. ಅದೇ ಊರಿನ ಸೊಗಸಾದ ಈಶ್ವರ ದೇವಾಲಯವೂ ಅದೇ ಕಾಲದ್ದು. ಶೈವನೋ ಜೈನನೋ ವೈಷ್ಣವನೋ ಎಂದು ಸಂಘ ವರ್ತಕನನ್ನು ಕೇಳುತ್ತಿರಲಿಲ್ಲ. ಇದೂ ಒಂದು ಲಾಭವೇ ಸರಿ.

ಪಡೆದುದಕ್ಕೆ ಪ್ರತಿಯಾಗಿ ತೆರಬೇಕಾದದ್ದೂ ಇತ್ತು. ಹೇರಿಗಿಷ್ಟು, ಮೂಟೆಗಿಷ್ಟು ಎಂದು ಗುಡಿಗೋ ಕೆರೆಗೋ ಸಂಘ ಗೊತ್ತುಮಾಡಿದ ಕಾಣಿಕೆಯನ್ನು ಎಲ್ಲರೂ ಕೊಡಲೇಬೇಕು. ‘ಬಣಂಜು ಧರ್ಮ’ವನ್ನು ಮೀರುವಂತಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಒಂದು ರಾಯಧನ, ಇನ್ನೊಂದು ಕರಾರು.

ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸುವುದು ನ್ಯಾಯ. ಏಕೆಂದರೆ ದೊಡ್ಡದೊಂದು ವ್ಯತ್ಯಾಸವಿದೆ. ಅರಸೀಕೆರೆಯಿಂದಾಗಲಿ ಸುಮಾತ್ರದಿಂದಾಗಲಿ ಐಹೊಳೆಗೆ ಹಣ ಹೋದದ್ದನ್ನು ಶಾಸನಗಳು ಹೇಳುವುದಿಲ್ಲ. ಕಾಣಿಕೆ ಬಿದ್ದದ್ದು ಆಯಾ ಊರಿನ ದೇವರಿಗೆ, ಆಯಾ ಊರಿನ ಸಂಘಕ್ಕೆ. ಇದು ಒಂದೇ ದೊಡ್ಡ ಸಂಸ್ಥೆಯೋ, ಒಂದೇ ಹೆಸರನ್ನು ಹಂಚಿಕೊಂಡ ಬೇರೆ ಬೇರೆ ಸಂಘಗಳೋ ಎಂದು ವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತಿದ್ದಾರೆ. ನನಗೆ ಎರಡನೆಯ ವಾದವೇ ಬಲವಾದುದೆಂದು ತೋರುತ್ತದೆ. ಅರಸೀಕೆರೆ ತನ್ನನ್ನು ತಾನೇ ಇನ್ನೊಂದು ಅಯ್ಯಾವೊಳೆ ಎಂದು ಕರೆದುಕೊಳ್ಳಬಹುದಾಗಿದ್ದರೆ, ಅಪ್ಪಣೆ ಕೊಡುವ ಕೇಂದ್ರ ಕಛೇರಿ ಎಲ್ಲಿಯೂ ಇರಲಿಲ್ಲವೆಂದೇ ಅರ್ಥವಲ್ಲವೆ? ಹೆಸರಿಗೆ ಒಬ್ಬ ಒಡೆಯನಿರಲಿಲ್ಲ. ಬಳಸಿದವರೆಲ್ಲರೂ ಅದರ ಕಾವಲುಗಾರರು. 1311ರಲ್ಲಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂತು. 1327ರ ಹೊತ್ತಿಗೆ ದೆಹಲಿಯ ಇನ್ನೊಂದು ದಾಳಿ. ರಾಜಧಾನಿ ಹಾಳಾದ ಮೇಲೆ ಈ ಸೀಮೆಯ ವಡ್ಡವ್ಯವಹಾರಿಗಳ ಮಾತೂ ಕ್ಷೀಣವಾಯಿತು.

ಹೆಸರಿಗೆ ಒಬ್ಬನೇ ಒಡೆಯನೆಂಬ ಏರ್ಪಾಟು ಬಲವಾದುದು ಯಂತ್ರಯುಗದಲ್ಲಿ. 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ ಐಸಾಕ್ ಸಿಂಗರನ ಕಂಪನಿ, ಒಂದೊಂದು ಪ್ರಾಂತದಲ್ಲಿ ಯಂತ್ರವನ್ನು ಮಾರುವ ಹಕ್ಕನ್ನು ಹಣ ಪಡೆದು ಸ್ಥಳೀಯರಿಗೆ ಕೊಟ್ಟಿತು. ಆದರೆ ಸ್ವಂತ ಅಂಗಡಿಯ ಕನಸು ಕಾಣುವ ನಮ್ಮಂಥ ಮನೆಗಳವರಿಗೆ ಹತ್ತಿರವಾದ ಕಥೆ ಮಾರ್ಥಾ ಮಟಿಲ್ಡಾ ಹಾರ್ಪರ್ ಎಂಬ ಹೆಂಗಸಿನದು. ಚಿಕ್ಕಂದಿನಿಂದ ಪರರ ಮನೆಗಳಲ್ಲಿ ಚಾಕರಿ ಮಾಡಿ ಬೆಳೆದ ಈಕೆ 1888ರಲ್ಲಿ ಅಮೆರಿಕದ ರಾಚೆಸ್ಟರ್ ನಗರದಲ್ಲಿ ಕೇಶಾಲಂಕಾರದ ಅಂಗಡಿ ತೆರೆದಳು. 1891ರಿಂದ ತನ್ನ ಹೆಸರಿನಲ್ಲಿ ಅಂಥದೇ ಅಂಗಡಿ ನಡೆಸುವ ಹಕ್ಕನ್ನು ಇತರರಿಗೆ ಕೊಡತೊಡಗಿದಳು. ಮೊದಮೊದಲು ಕೊಟ್ಟದ್ದು ತನ್ನಂತೆಯೇ ಚಾಕರಿಯಲ್ಲಿದ್ದ ಬಡ ಹೆಂಗಸರಿಗೆ. ಅವರಿಗೆ ಕೆಲಸ ಕಲಿಸಿದಳು, ಸಾಮಗ್ರಿ ಕಳಿಸಿದಳು, ಅಂಗಡಿಗಳ ತಪಾಸಣೆಗೆ ಜನರನ್ನು ಇಟ್ಟಳು. ರೇ ಕ್ರಾಕ್ 1955ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ತನ್ನ ಮೊದಲ ಮೆಕ್‌ಡೊನಾಲ್ಡ್ಸ್ ಉಪಾಹಾರಗೃಹವನ್ನು ತೆರೆದು ಈ ಪದ್ಧತಿಯನ್ನು ಲೋಕಪ್ರಸಿದ್ಧ ಮಾಡಿದ್ದು ಬಹಳ ಈಚಿನ ಮಾತು.

ಹಾರ್ಪರಳ ಕಥೆಯಲ್ಲಿ ಫ್ರಾಂಚೈಸಿಯ ನಿಜವಾದ ಪ್ರಯೋಜನವಿದೆ. ವ್ಯಾಪಾರದ ಮೊದಲ ಎರಡು ಮೂರು ವರ್ಷಗಳಲ್ಲಿ ಹೊಸಬನು ತಪ್ಪು ಮಾಡಿ ಮಾಡಿ ಕಲಿಯುತ್ತಾನೆ. ಕಲಿಯುವ ಹೊತ್ತಿಗೆ ಕೈಯಲ್ಲಿದ್ದ ಗಂಟು ಕರಗಿರುತ್ತದೆ. ಫ್ರಾಂಚೈಸಿ ಪಡೆದವನು ಬೇರೊಬ್ಬರು ಆಗಲೇ ಮಾಡಿ ಮುಗಿಸಿದ ತಪ್ಪುಗಳ ಫಲವನ್ನು ಹಣಕೊಟ್ಟು ಕೊಳ್ಳುತ್ತಾನೆ. ಯಾವ ಸರಕು ಎಷ್ಟು ತರಿಸಬೇಕು, ಬಾಡಿಗೆಗೆ ಎಷ್ಟರವರೆಗೆ ಹೋಗಬಹುದು, ಎಷ್ಟು ಜನ ಕೆಲಸಗಾರರು ಬೇಕು ಎಂಬ ಲೆಕ್ಕ ಸಿದ್ಧವಾಗಿ ಸಿಕ್ಕುತ್ತದೆ. ಸಾಲ ಕೇಳಲು ಹೋದರೆ ಬ್ಯಾಂಕಿನವರಿಗೂ ಹೆಸರು ಗೊತ್ತಿರುತ್ತದೆ. ಗಿರಾಕಿಗೆ ಒಳಗೆ ಬರುವ ಮುಂಚೆಯೇ ತನಗೆ ಸಿಕ್ಕುವುದೇನೆಂದು ತಿಳಿದಿರುತ್ತದೆ.

ಇದನ್ನು ನೋಡಲು ಬೆಂಗಳೂರಿನ ದೊಡ್ಡ ಮಳಿಗೆಗಳಿಗೇ ಹೋಗಬೇಕೆಂದಿಲ್ಲ. ಬೆಳಗಿನ ಜಾವ ನಿಮ್ಮ ಬೀದಿಯ ನಂದಿನಿ ಹಾಲಿನ ಬೂತಿನ ಮುಂದೆ ನಿಲ್ಲಿ. 1974ರಲ್ಲಿ ಹೈನುಗಾರಿಕೆಯ ನಿಗಮವಾಗಿ ಆರಂಭವಾಗಿ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾದ ಸಂಸ್ಥೆಯ ಹೆಸರಿನ ಮುದ್ರೆ ಅದು. ಹಾಲು ಹಳ್ಳಿಯ ಸಹಕಾರ ಸಂಘದಿಂದ ಜಿಲ್ಲಾ ಒಕ್ಕೂಟಕ್ಕೆ, ಅಲ್ಲಿಂದ ಬೂತಿಗೆ ಬರುತ್ತದೆ. ಬೂತು ನಡೆಸುವವನು ಒಕ್ಕೂಟದ ನೌಕರನಲ್ಲ, ಕಮಿಷನ್ನಿನ ಮೇಲೆ ಮಾರುವ ಏಜೆಂಟ್. ಅವನು ಹಾಲಿನ ಗುಣವನ್ನು ಹಾಡಿ ಹೊಗಳಬೇಕಾಗಿಲ್ಲ. ಬೆಲೆಯ ಚೌಕಾಸಿ ಇಲ್ಲ. ಪೊಟ್ಟಣದ ಮೇಲೆ ಅಚ್ಚಾಗಿದೆ. ಅವನ ಕಷ್ಟವೂ ಅಲ್ಲಿಯೇ ಇದೆ. ಬಾಡಿಗೆ ಏರಿದರೂ ಕರೆಂಟಿನ ಬಿಲ್ಲು ಏರಿದರೂ ಅವನು ಅರ್ಧ ಲೀಟರಿಗೆ ಒಂದು ಕಾಸನ್ನೂ ಹೆಚ್ಚು ಕೇಳುವಂತಿಲ್ಲ. ಅವನ ಲಾಭವೆಷ್ಟೆಂಬುದು ಬೇರೊಂದು ಊರಿನ ಮೇಜಿನ ಮೇಲೆ ತೀರ್ಮಾನವಾಗುತ್ತದೆ.

ಹೆಸರಿನ ಒಡೆಯನಿಗೂ ಅದನ್ನು ಬಳಸುವವನಿಗೂ ಮನಸ್ಸು ಮುರಿದರೆ ಏನಾಗುತ್ತದೆಂಬುದನ್ನು ನಮ್ಮ ದೇಶ ಕಣ್ಣಾರೆ ಕಂಡಿದೆ. ಮೆಕ್‌ಡೊನಾಲ್ಡ್ಸ್ ಕಂಪನಿ 2017ರಲ್ಲಿ ಉತ್ತರ ಮತ್ತು ಪೂರ್ವ ಭಾರತದ ತನ್ನ ಪಾಲುದಾರ ಸಂಸ್ಥೆಯ 169 ಉಪಾಹಾರಗೃಹಗಳ ಕರಾರನ್ನು ರದ್ದುಪಡಿಸುವುದಾಗಿ ಹೇಳಿತು. ವ್ಯಾಜ್ಯ ಬಗೆಹರಿದದ್ದು 2019ರಲ್ಲಿ. ಇಂಥ ಕರಾರುಗಳಿಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯಿದೆಯಿಲ್ಲ. 1872ರ ಕರಾರು ಕಾಯಿದೆ, 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ ಮೊದಲಾದವುಗಳನ್ನೇ ಹಿಡಿದು ನ್ಯಾಯ ಕೇಳಬೇಕು. ಅಂದಮೇಲೆ ರುಜು ಹಾಕುವ ಮುಂಚೆ ಕಾಗದದಲ್ಲಿ ಏನು ಬರೆದಿದೆಯೋ ಅದೇ ನಿಮಗೆ ಕಾಯಿದೆ. ಅವಧಿ ಎಷ್ಟು, ಅದು ಮುಗಿದ ಮೇಲೆ ಅಂಗಡಿಯ ಗತಿಯೇನು, ನಿಮ್ಮ ಬೀದಿಯಲ್ಲಿಯೇ ಇನ್ನೊಬ್ಬನಿಗೆ ಅದೇ ಹೆಸರು ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದಾರೆಯೆ, ಇನ್ನೊಂದು ಊರಿನ ಅಂಗಡಿಯವನು ಹೆಸರು ಕೆಡಿಸಿದರೆ ಅವನನ್ನು ತಿದ್ದುವವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಅದರಲ್ಲಿ ಇರಬೇಕು. ಬಹುಮಂದಿ ಕೊನೆಯ ಪ್ರಶ್ನೆಯನ್ನು ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಅದೇ ಮೊದಲನೆಯದು.

ಒಡೆಯನಿಲ್ಲದ ಹೆಸರು ಬದುಕುವುದೂ ಉಂಟು. ಬೇಲೂರಿನಿಂದ ಪಡುವಲಿಗೆ ಹೋದರೆ ಕಾಫಿಯ ತೋಟಗಳು. ಆ ಕಾಫಿಯನ್ನು ಊರೂರಿನ ಜನಕ್ಕೆ ರುಚಿ ತೋರಿಸಲು 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. 1950ರ ದಶಕದಲ್ಲಿ ಕಾಫಿ ಬೋರ್ಡು ಅವುಗಳನ್ನು ಮುಚ್ಚಲು ಹೊರಟಾಗ, ಎ.ಕೆ. ಗೋಪಾಲನ್ ಅವರ ನಾಯಕತ್ವದಲ್ಲಿ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟಿನಲ್ಲಿ, ಬೆಂಗಳೂರಿನಲ್ಲಿ. ಆ ಬಳಿಕ ಬೇರೆ ಬೇರೆ ಪ್ರಾಂತಗಳಲ್ಲಿ ಬೇರೆ ಬೇರೆ ಸಂಘಗಳು ಅದೇ ಹೆಸರಿನಲ್ಲಿ ಕಾಫಿ ಕೊಡುತ್ತ ಬಂದಿವೆ. ಐನೂರ್ವರನ್ನು ನೆನಪಿಗೆ ತರುವ ಏರ್ಪಾಟು ಇದು.

ಇನ್ನು ಹಾಸನ ಸೀಮೆಯವರೇ ಲೋಕಕ್ಕೆ ಕೊಟ್ಟ ಹೆಸರೊಂದಿದೆ. 1898ರಲ್ಲಿ ಹೆಚ್.ಎಸ್. ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಯನ್ನು ಆರಂಭಿಸಿದರು. ಅವರ ಹಿಂದೆ ಹಾಸನದ ಕಡೆಯ ಅಯ್ಯಂಗಾರ್ ಮನೆತನಗಳ ಅನೇಕರು ಒಬ್ಬೊಬ್ಬರಾಗಿ ಒಲೆ ಹೂಡಿದರು. ಮೊದಲು ಬಂದವರ ಅಂಗಡಿಯಲ್ಲಿ ಹಿಟ್ಟು ನಾದಲು ಕಲಿತ ನಂಟರ ಹುಡುಗ, ಕೆಲವು ವರ್ಷದ ಬಳಿಕ ಇನ್ನೊಂದು ಬಡಾವಣೆಯಲ್ಲಿ ತನ್ನದೇ ಅಂಗಡಿ ಇಟ್ಟ. ಖಾರದ ಬನ್ನು, ದಿಲ್‌ಪಸಂದ್, ಜೇನು ಕೇಕು, ಆಲೂಗಡ್ಡೆಯ ಪಲ್ಯ ತುಂಬಿದ ಪಫ್ — ಎಲ್ಲಿ ಹೋದರೂ ಸಾಮಾನು ಅದೇ, ಗಾಜಿನ ಬೀರು ಅದೇ. ಮೊಟ್ಟೆ ಮುಟ್ಟದ ಮನೆಗಳವರು ಬ್ರೆಡ್ಡು ತಿನ್ನಲು ಧೈರ್ಯಮಾಡಿದ್ದು ಫಲಕದ ಮೇಲಿನ ಆ ಒಂದು ಮಾತಿನಿಂದ. ಕರಾರಿಲ್ಲ, ರಾಯಧನವಿಲ್ಲ, ತಪಾಸಣೆಗೆ ಬರುವ ಅಧಿಕಾರಿಯಿಲ್ಲ. ನೆಂಟಸ್ತಿಕೆಯ ಕಣ್ಣು ಇರುವವರೆಗೆ ಅದೇ ತಪಾಸಣೆ. ಹೆಸರು ಗೆದ್ದಿತು, ಗೆದ್ದ ಹೆಸರನ್ನು ಯಾರು ಬೇಕಾದರೂ ಬರೆಸಿಕೊಳ್ಳಬಹುದಾಯಿತು. ಇಂದು ‘ಅಯ್ಯಂಗಾರ್ ಬೇಕರಿ’ ಎಂದು ಫಲಕ ಹಾಕಿದವರೆಲ್ಲ ಆ ಮನೆತನದವರೂ ಅಲ್ಲ, ಆ ಒಲೆಯಲ್ಲಿ ಕಲಿತವರೂ ಅಲ್ಲ. ಅವರಲ್ಲಿಯೂ ಒಳ್ಳೆಯ ಬನ್ನು ಮಾಡುವವರು ಬೇಕಾದಷ್ಟು ಇದ್ದಾರೆ, ಅದು ಬೇರೆ ಮಾತು. ಆದರೆ ಹೆಸರೊಂದನ್ನೇ ನೋಡಿ ಕೊಳ್ಳುವ ಕಾಲ ಕಳೆಯಿತು. ಆದುದರಿಂದಲೇ ಆ ಹೆಸರಿನ ಹಿಂದೆ ಈಗ ಇಷ್ಟದೈವದ್ದೋ ಹಿರಿಯರದ್ದೋ ಮೊದಲಕ್ಷರಗಳು ಸೇರಿಕೊಂಡಿರುವುದು, ಮತ್ತು ಬುದ್ಧಿವಂತ ಗಿರಾಕಿ ಮೊದಲು ಆ ಎರಡಕ್ಷರವನ್ನು ಓದಿ ಆಮೇಲೆ ಒಳಗೆ ಹೋಗುವುದು.